ನಾವು ಎಲ್ಲಿಯ ಲೋಕಲ್?



ಕಳೆದ ತಿಂಗಳು ಜಹೀರಾಬಾದಿನಲ್ಲಿ ಯುವಜನರ ಕೂಟ ಮುಗಿದ ಮೇಲೆ ನಮ್ಮ ತಂಗಿಯೊಬ್ಬಳು ಮೊಬೈಲಿನಲ್ಲಿ ಸರ್ಕಾರಿ ನೌಕರಿಯ ಅರ್ಜಿ ತುಂಬುತ್ತಿದ್ದಳು. ಸುತ್ತ ನಾವು ಐದಾರು ಮಂದಿ. ಒಂದರಿಂದ ಏಳನೇ ತರಗತಿವರೆಗೆ ಯಾವ ಜಿಲ್ಲೆಯಲ್ಲಿ ಓದಿದ್ದು ಎಂಬ ಕಾಲಮ್ಮಿಗೆ ಬಂದು ಅವಳ ಬೆರಳು ನಿಂತಿತು. ಹುಟ್ಟಿದ್ದು ಇಲ್ಲೇ. ಆದರೆ ಕನ್ನಡದಲ್ಲಿ ಓದಲಿ ಎಂದು ಮನೆಯವರು ಬೀದರಿನ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಏಳೂ ವರ್ಷ ಅಲ್ಲೇ ಕಳೆದವು. ತೆಲಂಗಾಣಕ್ಕೆ ಅನ್ವಯಿಸುವ 2018ರ ರಾಷ್ಟ್ರಪತಿ ಆದೇಶದಂತೆ ಆ ಏಳು ವರ್ಷಗಳಲ್ಲಿ ಕನಿಷ್ಠ ನಾಲ್ಕು ವರ್ಷ ಇಲ್ಲಿ ಓದಿದ್ದರೆ ಲೋಕಲ್. ನೂರಕ್ಕೆ 95 ಹುದ್ದೆ ಲೋಕಲ್‌ನವರಿಗೆ. ಅವಳ ಪಾಲಿಗೆ ಉಳಿದದ್ದು ಐದು, ಅದರಲ್ಲೂ ಎಲ್ಲರ ಜೊತೆ ಪೈಪೋಟಿ.

“ಹಂಗಾದ್ರ ಬೀದರಿನಾಗ ಹಾಕ್ಲೇನಣ್ಣಾ?” ಎಂದಳು. ಅಲ್ಲಿ 371ಜೆ ಇದೆ. 2012ರ 98ನೇ ತಿದ್ದುಪಡಿಯಿಂದ ಬಂದದ್ದು. ಅದರ ಲಾಭ ಸಿಗಲು ಆ ಭಾಗದಲ್ಲಿ ಹುಟ್ಟಿರಬೇಕು, ಇಲ್ಲವೇ ಬಹುಕಾಲ ನೆಲೆಸಿರಬೇಕು.

“ಮತ್ತ ನಾ ಎಲ್ಲಿನಾಕಿ?”

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಅಂದಿನಿಂದ ಈ ‘ಲೋಕಲ್’ ನಮ್ಮ ತಲೆಯಲ್ಲಿ ಕುಳಿತುಬಿಟ್ಟಿದೆ. ಅಂಗಡಿಯಲ್ಲಿ ‘ಇದು ಲೋಕಲ್ ಮಾಲು’ ಎಂದರೆ ಬಾಳಿಕೆ ಬಾರದ್ದು ಎಂದರ್ಥ. ಜಗಳದಲ್ಲಿ ‘ನಾವು ಲೋಕಲ್’ ಎಂದರೆ ಎದುರಿನವನು ಹುಷಾರಾಗಿರಬೇಕು! ಮೂಲ ಲ್ಯಾಟಿನ್ನಿನ ‘ಲೋಕಸ್’, ಅಂದರೆ ಜಾಗ, ಅಷ್ಟೇ. ಬಿಎಸ್ಸಿಯಲ್ಲಿ ಓದಿದ್ದೆವಲ್ಲ, ಕ್ರೋಮೋಸೋಮಿನಲ್ಲಿ ಜೀನ್ ಇರುವ ಜಾಗವೂ ಲೋಕಸ್ಸೇ. ಇಂಗ್ಲಿಷಿನಲ್ಲಿ ಈ ಪದ ಮೊದಮೊದಲು ವೈದ್ಯರ ಬಾಯಲ್ಲಿತ್ತು: ದೇಹದ ಒಂದೇ ಭಾಗಕ್ಕೆ ಸೀಮಿತವಾದ ನೋವು ಲೋಕಲ್. ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ನಿನಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಒಂದು ಊರಿನ ಮನುಷ್ಯನಿಗೆ ಲೋಕಲ್ ಎನ್ನುವುದು ಬಹಳ ಈಚಿನದು.

ನಮ್ಮ ಹಿರಿಯರ ಕಾಲದಲ್ಲಿ ಈ ಕೆಲಸ ಮಾಡುತ್ತಿದ್ದ ಪದ ಬೇರೆ: ಮುಲ್ಕಿ. ಮುಲ್ಕ್ ಎಂದರೆ ರಾಜ್ಯ. ನಿಜಾಮರ 1919ರ ಫರ್ಮಾನಿನಂತೆ ಹೊರಗಿನವನು 15 ವರ್ಷ ನೆಲೆಸಿದರೆ ಮುಲ್ಕಿ ಆಗಬಹುದಿತ್ತು. 1952ರಲ್ಲಿ ಹೈದರಾಬಾದಿನಲ್ಲಿ ಗೈರ್ ಮುಲ್ಕಿಗಳ ವಿರುದ್ಧ ದೊಡ್ಡ ಚಳವಳಿಯೇ ನಡೆಯಿತು. ‘ಇಡ್ಲಿ ಸಾಂಬಾರ್ ಗೋ ಬ್ಯಾಕ್’ ಎಂದೂ ಕೂಗಿದರಂತೆ. (ಇಡ್ಲಿ ಹೋಗಲಿಲ್ಲ.) ಮುಲ್ಕ್ ಪದದ ಬೇರು ಹೀಬ್ರೂವಿನಲ್ಲಿಯೂ ಇದೆ: ಮೆಲೆಕ್, ಅರಸ. ಅದರಿಂದಲೇ ಮೆಲ್ಕಿಸದೇಕ. ಹಿಬ್ರಿಯರ ಪತ್ರದ ಪ್ರಕಾರ ಅವನಿಗೆ ತಂದೆಯಿಲ್ಲ, ತಾಯಿಯಿಲ್ಲ, ವಂಶಾವಳಿಯಿಲ್ಲ. ಪಾಪ, ಯಾವ ಕಚೇರಿಯಲ್ಲೂ ಅವನಿಗೆ ಸರ್ಟಿಫಿಕೇಟ್ ಸಿಗುತ್ತಿರಲಿಲ್ಲ.

1956ರ ನವೆಂಬರ್ 1ರಂದು ನಮ್ಮ ಅಜ್ಜ ಅಜ್ಜಿಯಂದಿರು ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಗೆರೆಯೇ ಅವರನ್ನು ದಾಟಿ ಹೋಯಿತು. ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು ಮೆದಕ್ ಜಿಲ್ಲೆಗೆ ಸೇರಿತು. ಜಹೀರಾಬಾದ್ ತಾಲ್ಲೂಕೂ ಸೇರಿತು, ಆದರೆ ನಿರ್ಣಾ ಸರ್ಕಲ್ ಬಿಟ್ಟು. ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಇತ್ತ ಬಂತು. ಗುಲ್ಬರ್ಗದ ತಾಂಡೂರು ತಾಲ್ಲೂಕೂ ಆಂಧ್ರಕ್ಕೆ ಹೋಯಿತು. ಒಂದೇ ತಾಲ್ಲೂಕಿನ ನಿರ್ಣಾದವರು ಕರ್ನಾಟಕದವರು, ನಾವು ಆಂಧ್ರದವರು, 2014ರಿಂದ ತೆಲಂಗಾಣದವರು.

ನೆಲಕ್ಕೆ ಇದು ತಿಳಿದಂತಿಲ್ಲ. ತಾಂಡೂರಿನ ಕಲ್ಲು, ಶಹಾಬಾದಿನ ಕಲ್ಲು ಒಂದೇ ಸುಣ್ಣಕಲ್ಲಿನ ಸೀಮೆಯವು. ತೊಗರಿಯ ಕಥೆ ಇನ್ನೂ ಚೆಂದ: ಗುಲ್ಬರ್ಗದ ತೊಗರಿಬೇಳೆಗೆ 2019ರಲ್ಲಿ, ತಾಂಡೂರಿನ ತೊಗರಿಗೆ 2022ರಲ್ಲಿ ಜಿಐ ಗುರುತು ಸಿಕ್ಕಿತು. ತೊಗರಿಗೂ ಎರಡು ಲೋಕಲ್ ಸರ್ಟಿಫಿಕೇಟು! ನಮ್ಮ ತಂಗಿಗೆ ಒಂದೂ ಇಲ್ಲ.

ಇನ್ನು ನಾವೆಲ್ಲ ಒಟ್ಟಿಗೆ ಸೇರುವ ಜಾಗದ ಹೆಸರು, ಪ್ಯಾರಿಷ್. ಕನ್ನಡದಲ್ಲಿ ಧರ್ಮಕೇಂದ್ರ ಎನ್ನುತ್ತೇವೆ. ಕೇಂದ್ರ ಎಂದರೆ ನಡುಮನೆ, ಸ್ವಂತ ಮನೆ ಎನ್ನಿಸುತ್ತದೆ. ಗ್ರೀಕಿನ ‘ಪರೋಯಿಕಿಯಾ’ದಲ್ಲಿ ಹಾಗಿಲ್ಲ. ಪರಾ ಎಂದರೆ ಪಕ್ಕ, ಓಯಿಕೋಸ್ ಎಂದರೆ ಮನೆ. ಪರೋಯಿಕೋಸ್ ಎಂದರೆ ಬೇರೆಯವರ ಊರಿನಲ್ಲಿ ಬಿಡಾರ ಹೂಡಿದವನು, ಆ ಊರಿನ ಹಕ್ಕಿಲ್ಲದವನು. ಪೇತ್ರ ತನ್ನ ಮೊದಲ ಪತ್ರದಲ್ಲಿ ವಿಶ್ವಾಸಿಗಳನ್ನು ಕರೆದದ್ದು ಇದೇ ಪದದಿಂದ. ಅಂದರೆ ಪ್ಯಾರಿಷ್ ಎನ್ನುವುದು ಮೊದಲಿಗೆ ನಾನ್‌ಲೋಕಲ್‌ಗಳ ಕೂಟ. ಇದನ್ನು ಕೂಟದಲ್ಲಿ ಹೇಳಿದಾಗ ಆ ತಂಗಿ ನಕ್ಕಳು. “ಛಲೋ ಆತು, ಆದ್ರ ಫಾರ್ಮಿನಾಗ ಅದನ್ನ ಬರಿಯಾಕ ಬರಂಗಿಲ್ಲಲ್ಲ” ಎಂದಳು. ಅವಳು ಹೇಳಿದ್ದು ಸರಿ. ಪದದ ಮೂಲ ತಿಳಿದರೆ ನೌಕರಿ ಸಿಗುವುದಿಲ್ಲ. ನಾನ್‌ಲೋಕಲ್ ಎಂದೇ ತುಂಬಿ ಕಳಿಸಿದಳು.

ಅವಳ ತಮ್ಮನೂ ಬೀದರಿನಲ್ಲೇ ಇದ್ದಾನೆ, ಈಗ ಮೂರನೇ ತರಗತಿ. ಜೂನಿನಲ್ಲಿ ನಾಲ್ಕನೆಯದಕ್ಕೆ ಇಲ್ಲಿ ಸೇರಿಸಿದರೆ ಏಳರವರೆಗೆ ಸರಿಯಾಗಿ ನಾಲ್ಕು ವರ್ಷ. ತಡಮಾಡಿದರೆ ಅವನೂ ಅಕ್ಕನ ಹಾದಿಯೇ. ಇಲ್ಲಿಗೆ ಬಂದರೆ ತೆಲುಗು ಅಥವಾ ಇಂಗ್ಲಿಷ್ ಮೀಡಿಯಂ. ಈಗಷ್ಟೇ ಕೂಡಿಸಿ ಓದಲು ಕಲಿತ ಕನ್ನಡ ಅಲ್ಲಿಗೇ ನಿಲ್ಲುತ್ತದೆ. ಏನು ಮಾಡೋಣ ಎಂದು ಅವನ ಅಪ್ಪ ನಮ್ಮನ್ನೇ ಕೇಳಿದರು. ಕರೆತನ್ನಿ ಎಂದೆವು. ಹೇಳುವಾಗ ಸಂಕಟವಾಯಿತು. ಜೂನ್ ಮೊದಲ ಭಾನುವಾರದಿಂದ ಬಲಿಪೂಜೆಯ ನಂತರ ಒಂದು ಗಂಟೆ ಕನ್ನಡ ಓದು ಬರಹ ಕಲಿಸುತ್ತೇವೆ. ನಾರಾಯಣಖೇಡ, ತಾಂಡೂರಿನ ಕಡೆ ಇಂಥ ಮಕ್ಕಳಿದ್ದರೆ ನಮಗೆ ತಿಳಿಸಿ. ಸ್ಲೇಟು ನಾವು ತರುತ್ತೇವೆ.