ಪಕ್ಕದ ಊರಲ್ಲೇ ಬೀಳುವ ಉಲ್ಕೆ

ದೊಡ್ಡ ಉಲ್ಕೆಯೊಂದು ಉರಿದುಹೋದ ರಾತ್ರಿ, ಅದು ಬಿದ್ದದ್ದೆಲ್ಲಿ ಎಂದು ಕೇಳಿದರೆ ಯಾರೂ ದೂರದ ಊರಿನ ಹೆಸರು ಹೇಳುವುದಿಲ್ಲ. ಮದ್ದೂರಿನವರು ಚನ್ನಪಟ್ಟಣದ ಕಡೆ ಕೈ ತೋರಿಸುತ್ತಾರೆ. ಚನ್ನಪಟ್ಟಣದವರು ರಾಮನಗರದ ಬೆಟ್ಟದ ಹಿಂದೆ ಅನ್ನುತ್ತಾರೆ. ರಾಮನಗರದವರಿಗೆ ಅದು ಬಿಡದಿಯ ತೋಟಕ್ಕೇ ಬಿದ್ದದ್ದು ಖಚಿತ. ‘ಅಲ್ಲೇ ಕಣಯ್ಯ, ಆ ತೆಂಗಿನ ತೋಪಿನಾಚೆ, ಕಣ್ಣಾರೆ ಕಂಡೆ’ ಎಂದು ಆಣೆ ಇಡುವುದಕ್ಕೂ ಸಿದ್ಧ. ಬೆಳಗಾದರೆ ನಾಲ್ಕು ಹುಡುಗರು ತೋಪೆಲ್ಲ ಜಾಲಾಡಿ ಒಂದು ಕರಿಗಲ್ಲನ್ನೋ ಇಟ್ಟಿಗೆ ಗೂಡಿನ ಕಿಟ್ಟವನ್ನೋ ಹೊತ್ತು ತರುತ್ತಾರೆ. ಉಲ್ಕೆಯ ಪುಡಿ ಮಾತ್ರ ಆ ಹೊತ್ತಿಗೆ ಬಂಗಾಳ ಕೊಲ್ಲಿಯ ಮೇಲೆಲ್ಲೋ ತೇಲುತ್ತಿದ್ದರೂ ಆಶ್ಚರ್ಯವಿಲ್ಲ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ದಿನನಿತ್ಯದ ಸಣ್ಣ ಉಲ್ಕೆ ನೆಲದಿಂದ 80–100 ಕಿ.ಮೀ. ಎತ್ತರದಲ್ಲೇ ಉರಿದು ಮುಗಿಯುತ್ತದೆ. ಶುಕ್ರಗ್ರಹವನ್ನೂ ಮೀರಿಸಿ ಬೆಳಗುವಂಥದ್ದನ್ನು ಅಗ್ನಿಗೋಳವೆಂದು ಕರೆಯುತ್ತಾರೆ; ಅವುಗಳಲ್ಲಿ ಗಟ್ಟಿಮುಟ್ಟಾದವು ಇನ್ನಷ್ಟು ಕೆಳಗೆ, 20–30 ಕಿ.ಮೀ.ವರೆಗೂ ಇಳಿದು ಆರುತ್ತವೆ. 200 ಕಿ.ಮೀ. ಆಚೆ, 30 ಕಿ.ಮೀ. ಎತ್ತರದಲ್ಲಿ ಆರಿದ ಬೆಳಕು ನೋಡುವವರಿಗೆ ದಿಗಂತದಿಂದ ಸುಮಾರು ಎಂಟು ಡಿಗ್ರಿ ಮೇಲೆ ಮಾತ್ರ ಕಾಣುತ್ತದೆ. ಅದು ತೆಂಗಿನ ಮರದ ನೆತ್ತಿ. ಅಷ್ಟು ದೂರದ ವಸ್ತುವಿನ ಅಂತರ ಅಳೆಯುವ ಶಕ್ತಿ ಮನುಷ್ಯನ ಎರಡು ಕಣ್ಣಿಗೂ ಇಲ್ಲ. ಹೋಲಿಸಿ ನೋಡೋಣವೆಂದರೆ ಕತ್ತಲ ಆಕಾಶದಲ್ಲಿ ಮರವೂ ಇಲ್ಲ, ಮನೆಯೂ ಇಲ್ಲ. ಆಗ ಮನಸ್ಸು ತನಗೆ ಗೊತ್ತಿರುವ ಊರನ್ನೇ ಆರಿಸಿಕೊಳ್ಳುತ್ತದೆ.

ಹೀಗೆ ಎಡವುವ ಕಣ್ಣನ್ನು ನಂಬಿಯೇ ಉಲ್ಕೆಗಳ ಶಾಸ್ತ್ರ ಬೆಳೆದುಬಂತು ಎಂಬುದು ಸ್ವಾರಸ್ಯ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಉಲ್ಕೆಗಳಿಗೇ ಒಂದು ಅಧ್ಯಾಯವಿದೆ. ಸ್ವರ್ಗದಲ್ಲಿ ಪುಣ್ಯಫಲ ಉಂಡು ಮುಗಿಸಿದವರು ಕೆಳಗೆ ಬೀಳುವ ರೂಪವೇ ಉಲ್ಕೆ ಎಂದು ಆತ ಶುರುಮಾಡುತ್ತಾನೆ. ಆದರೆ ಅವುಗಳನ್ನು ಐದು ಬಗೆಯಾಗಿ ವಿಂಗಡಿಸುವಾಗ ಅವನು ನೆಚ್ಚುವುದು ಆಕಾರ, ಬಾಲ, ಸದ್ದುಗಳನ್ನು, ಅಂದರೆ ಅಂಗಳದಲ್ಲಿ ನಿಂತು ಕಂಡವರು ಹೇಳಬಲ್ಲ ಸಂಗತಿಗಳನ್ನು.

ಯುರೋಪಿನ ಪಂಡಿತರು ಬಹುಕಾಲ ಇಷ್ಟು ಉದಾರವಾಗಿರಲಿಲ್ಲ. ಆಕಾಶದಿಂದ ಕಲ್ಲು ಬಿತ್ತೆಂದು ರೈತರು ಹೇಳಿದರೆ ಮೂಢನಂಬಿಕೆ ಎಂದು ತಳ್ಳಿಹಾಕುವುದು ಅಲ್ಲಿ ವಿದ್ಯಾವಂತಿಕೆಯ ಲಕ್ಷಣವಾಗಿತ್ತು. ಅದನ್ನು ಪ್ರಶ್ನಿಸಿದವನು ಎರ್ನ್ಸ್ಟ್ ಕ್ಲಾಡ್ನಿ. ಮರಳು ಚೆಲ್ಲಿದ ತಗಡಿನ ಮೇಲೆ ನಾದದ ಚಿತ್ತಾರ ಮೂಡಿಸಿ ಹೆಸರಾದ ಭೌತವಿಜ್ಞಾನಿ ಈತ. ಓದಿದ್ದು ಮಾತ್ರ ತಂದೆಯ ಒತ್ತಾಯಕ್ಕೆ ಕಾನೂನು. ಆ ಕಾನೂನು ಇಲ್ಲಿ ಕೆಲಸಕ್ಕೆ ಬಂತು. ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶದ, ಒಬ್ಬರನ್ನೊಬ್ಬರು ಅರಿಯದ ಜನ ಒಂದೇ ತೆರನಾಗಿ ಸಾಕ್ಷಿ ನುಡಿಯುತ್ತಿದ್ದರೆ ಅದನ್ನು ನಂಬಲೇಬೇಕೆಂದು ವಾದಿಸಿ, ಆ ಕಲ್ಲುಗಳು ಭೂಮಿಯಾಚೆಯಿಂದ ಬಂದವೆಂದು 1794ರಲ್ಲಿ ಪುಸ್ತಕ ಬರೆದ. ನಕ್ಕವರೇ ಹೆಚ್ಚು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಹಾಡಹಗಲಲ್ಲೇ ಸುಮಾರು 3,000 ಕಲ್ಲುಗಳು ಸುರಿದವು. ಸರ್ಕಾರ ಕಳಿಸಿದ ಯುವ ವಿಜ್ಞಾನಿ ಬಿಯೋ ಹಳ್ಳಿಹಳ್ಳಿ ತಿರುಗಿ ಜನರನ್ನು ವಿಚಾರಿಸಿ ವರದಿ ಒಪ್ಪಿಸಿದ ಮೇಲೆ ನಗು ನಿಂತಿತು.

ಸದ್ದಿನ ವಿಚಾರದಲ್ಲೂ ಇದೇ ಕಥೆ. ದೊಡ್ಡ ಉಲ್ಕೆ ಹಾಯುವ ಹೊತ್ತಿಗೇ ‘ಸುಂಯ್’ ಎಂದೋ ‘ಚಟಪಟ’ ಎಂದೋ ಕೇಳಿಸಿತು ಎಂದವರು ಎಲ್ಲ ಕಾಲದಲ್ಲೂ ಇದ್ದಾರೆ. 1719ರ ದೊಡ್ಡ ಉಲ್ಕೆಯ ಬಗ್ಗೆ ಬರೆದ ಎಡ್ಮಂಡ್ ಹ್ಯಾಲಿ, ಅದೆಲ್ಲ ಬರೀ ಕಲ್ಪನೆ ಎಂದು ಬದಿಗೆ ಸರಿಸಿದ. ಅವನ ತರ್ಕದಲ್ಲಿ ಹುರುಳಿತ್ತು: ಅಷ್ಟು ಎತ್ತರದಿಂದ ಸದ್ದು ಇಳಿದು ಬರಲು ನಿಮಿಷಗಳೇ ಬೇಕು. ಆದರೂ ಕೇಳಿಸಿತು ಎನ್ನುವವರು ನಿಲ್ಲಲಿಲ್ಲ. 2017ರಲ್ಲಿ ಅಮೆರಿಕದ ಸಂಶೋಧಕರು ಒಂದು ವಿವರಣೆ ಮುಂದಿಟ್ಟರು. ಉಲ್ಕೆಯ ಬೆಳಕು ಸಮವಾಗಿ ಉರಿಯದೆ ಕ್ಷಣಕ್ಷಣಕ್ಕೂ ಮಿಡಿಯುತ್ತದೆ. ಆ ಮಿಡಿತಕ್ಕೆ ಎಲೆ, ಕೂದಲು, ಕಪ್ಪುಬಟ್ಟೆಗಳಂಥವು ಸೂಕ್ಷ್ಮವಾಗಿ ಕಾದು ಆರಿ, ಸುತ್ತಲ ಗಾಳಿಯನ್ನು ಅಲುಗಿಸಿ ಮೆಲುದನಿ ಹೊರಡಿಸಬಲ್ಲವು. ಬೆಳಕು ಬಂದ ವೇಗದಲ್ಲೇ ಸದ್ದೂ ಬಂದಂತಾಯಿತು. ಹಳ್ಳಿಯವರ ಕಿವಿಗೆ ಮುನ್ನೂರು ವರ್ಷ ತಡವಾಗಿ ಸಿಕ್ಕ ಬೆಂಬಲ ಇದು.

ಇಷ್ಟಾಗಿಯೂ ಒಮ್ಮೊಮ್ಮೆ ಕಲ್ಲು ನಿಜವಾಗಿ ಪಕ್ಕದ ಊರಲ್ಲೇ ಬೀಳುತ್ತದೆ. 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಐದು ಕೆ.ಜಿ. ತೂಕದ ಒಂದು ಕಲ್ಲು ಬಿತ್ತು. ಅದು ಮಂಗಳ ಗ್ರಹದ ಚೂರು ಎಂದು ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಮಂಗಳದಿಂದ ಬಂದ ಉಲ್ಕಾಶಿಲೆಗಳ ಒಂದು ದೊಡ್ಡ ಗುಂಪಿಗೆ ಇವತ್ತು ಆ ಊರಿನದೇ ಹೆಸರು. ಅದು ಬಿದ್ದ ತಿಂಗಳೊಳಗೇ ಇನ್ನೊಂದು ಕಲ್ಲು ಮೈಸೂರು ಸೀಮೆಯಲ್ಲಿ, ವಡೆಗೆ ಹೆಸರಾದ ಅದೇ ಮದ್ದೂರಿನಲ್ಲಿ ಬಿತ್ತು. ಉಲ್ಕಾಶಿಲೆಗೆ ಬಿದ್ದ ಊರಿನ ಹೆಸರಿಡುವುದು ವಾಡಿಕೆಯಾದ್ದರಿಂದ ಜಾಗತಿಕ ಪಟ್ಟಿಯಲ್ಲಿ ಅದು ಬ್ರಿಟಿಷರ ಕಾಗುಣಿತದಲ್ಲಿ ‘ಮುದ್ದೂರ್’ ಎಂದು ಉಳಿದಿದೆ. ವಡೆಯ ಕೀರ್ತಿಯ ಮುಂದೆ ಅದು ಯಾರ ನೆನಪಿಗೂ ಬರುವುದಿಲ್ಲ, ಪಾಪ.

ಅಂದಹಾಗೆ, ಬಿದ್ದ ಕಲ್ಲು ಕೆಂಡದಂತೆ ಸುಡುತ್ತಿತ್ತು, ಹುಲ್ಲಿಗೆ ಬೆಂಕಿ ಹತ್ತಿತು ಎಂಬ ಸುದ್ದಿಗಳನ್ನು ಅನುಮಾನದಿಂದಲೇ ಓದಬೇಕು. ಉಲ್ಕೆಯನ್ನು ಉರಿಸುವುದರಲ್ಲಿ ಶಾಲೆಯ ಪುಸ್ತಕ ಹೇಳುವ ಘರ್ಷಣೆಗಿಂತ ಹೆಚ್ಚಿನ ಪಾಲು ಕಲ್ಲಿನ ಮುಂದೆ ಹಿಂಡಿಹೋದ ಗಾಳಿಯದು. ಆ ಶಾಖಕ್ಕೆ ಮೇಲ್ಪದರ ಕರಗಿ ಹಾರಿಹೋಗುತ್ತದೆ, ಒಳಗಿನ ತಣ್ಣನೆಯ ಭಾಗಕ್ಕೆ ಬಿಸಿ ತಾಗಲು ಪುರುಸೊತ್ತೇ ಇರುವುದಿಲ್ಲ. ಬೆಳಕು ಆರಿದ ಮೇಲೆ ಕೆಲವು ನಿಮಿಷ ಅದು ಎಲ್ಲ ಕಲ್ಲುಗಳಂತೆ ಕತ್ತಲಲ್ಲಿ ಸುಮ್ಮನೆ ಬೀಳುತ್ತದೆ.

ಬೆಳಕಿಗೂ ಸದ್ದಿಗೂ ನಡುವಿನ ಬಿಡುವು ಏನು ಮಾಡಬಲ್ಲದು ಎಂಬುದನ್ನು ರಷ್ಯಾದ ಚೆಲ್ಯಾಬಿನ್ಸ್ಕ್ ನಗರ ಕಲಿತದ್ದು 2013ರ ಫೆಬ್ರವರಿ 15ರ ಬೆಳಿಗ್ಗೆ. ಸುಮಾರು 20 ಮೀಟರ್ ಅಗಲದ ಬಂಡೆ ಸೆಕೆಂಡಿಗೆ 19 ಕಿ.ಮೀ. ವೇಗದಲ್ಲಿ ನುಗ್ಗಿ ಬಂತು. ಆ ವೇಗದಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಏಳೆಂಟು ಸೆಕೆಂಡಿನ ಹಾದಿ. 30 ಕಿ.ಮೀ. ಎತ್ತರದಲ್ಲಿ ಸಿಡಿದಾಗ ಕ್ಷಣಕಾಲ ಸೂರ್ಯನಿಗಿಂತ ಪ್ರಖರವಾಗಿತ್ತು. ಇದೇನಪ್ಪಾ ಎಂದು ಜನ ಕಿಟಕಿಗೆ ಓಡಿಬಂದು ಹೊಗೆಯ ಗೆರೆ ನೋಡುತ್ತ ನಿಂತರು. ಸದ್ದಿಲ್ಲ. ಒಂದೆರಡು ನಿಮಿಷ ಕಳೆದು ಆಘಾತದ ಅಲೆ ಅಪ್ಪಳಿಸಿದಾಗ ಗಾಜು ಅವರ ಮುಖಕ್ಕೇ ಒಡೆಯಿತು. ಸುಮಾರು 1,500 ಜನ ಚಿಕಿತ್ಸೆ ಪಡೆದರು, ಸತ್ತವರಿಲ್ಲ. ವಿಚಿತ್ರವೆಂದರೆ ಅದೇ ದಿನ ಲೋಕದ ಖಗೋಳಜ್ಞರೆಲ್ಲ ಭೂಮಿಯಿಂದ 27,700 ಕಿ.ಮೀ. ದೂರದಲ್ಲಿ ಹಾದುಹೋಗಲಿದ್ದ ಬೇರೊಂದು ಕ್ಷುದ್ರಗ್ರಹಕ್ಕೆ ದೂರದರ್ಶಕ ಹೂಡಿ ಕಾದಿದ್ದರು. ಚೆಲ್ಯಾಬಿನ್ಸ್ಕ್‌ನ ಬಂಡೆ ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಾದಿಯನ್ನು ಲೆಕ್ಕಹಾಕಲು ಕೊನೆಗೆ ನೆರವಾದದ್ದು ಕಾರುಗಳ ಮುಂಗಾಜಿಗೆ ಸಿಕ್ಕಿಸಿದ್ದ ಪುಟ್ಟ ಕ್ಯಾಮೆರಾಗಳು.

ಮುಂಚೆಯೇ ಗೊತ್ತಾದರೂ ಸಾಕ್ಷಿಗಳು ಬೇಕೇ ಬೇಕು. 2008ರ ಅಕ್ಟೋಬರ್ 6ರಂದು ಅಮೆರಿಕದ ದೂರದರ್ಶಕವೊಂದು ಸುಮಾರು ನಾಲ್ಕು ಮೀಟರಿನ ಬಂಡೆಯೊಂದನ್ನು ಕಂಡಿತು. ಮರುದಿನವೇ ಅದು ಸುಡಾನಿನ ಮರಳುಗಾಡಿನ ಮೇಲೆ ಸಿಡಿಯಿತು. ಬೀಳುವ ಮೊದಲೇ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು. ಆದರೂ ಚೂರು ಹುಡುಕಲು ಹೋದ ವಿಜ್ಞಾನಿಗಳು ದಾರಿಯ ಜನರನ್ನು ವಿಚಾರಿಸಿಯೇ ಹೆಜ್ಜೆ ಹಾಕಿದರು. ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಾಲಾಗಿ ನಿಂತು ಮರಳು ಜಾಲಾಡಿ ಚೂರುಗಳನ್ನು ಹೆಕ್ಕಿದರು. ಅದಕ್ಕೆ ತಿಂಗಳಿಗೂ ಕಡಿಮೆ ಮುಂಚೆ ನಮ್ಮ ಪಕ್ಕದಲ್ಲೇ, ಸೆಪ್ಟೆಂಬರ್ 12ರಂದು, ಹೊಸೂರಿನಾಚೆಯ ಶೂಳಗಿರಿ ಬಳಿ ಒಟ್ಟು ನೂರು ಕೆ.ಜಿ.ಗೂ ಮಿಕ್ಕಿದ ಕಲ್ಲುಗಳು ಹೊಲಗಳಿಗೆ ಬಿದ್ದವು. ಬೆಂಗಳೂರಿಗೆ ಅದು ಎಷ್ಟರ ದೂರ!

ಕಂಡದ್ದೆಲ್ಲ ಉಲ್ಕೆಯಲ್ಲ ಎಂಬ ಎಚ್ಚರವೂ ಇರಬೇಕು. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳ ಆಕಾಶದಲ್ಲಿ ಬೆಂಕಿಯ ಸಾಲು ಹರಿದಾಗ ಅನೇಕರು ಉಲ್ಕಾವರ್ಷವೆಂದೇ ಸಂಭ್ರಮಿಸಿದರು. ಚಂದ್ರಾಪುರ ಜಿಲ್ಲೆಯ ಹಳ್ಳಿಯಲ್ಲಿ ದೊಡ್ಡ ಲೋಹದ ಬಳೆಯೊಂದು ಸಿಕ್ಕಿತು. ಉರಿದದ್ದು ಚೀನಾದ ರಾಕೆಟ್ಟಿನ ಅವಶೇಷವೆಂಬುದು ತಜ್ಞರ ತೀರ್ಮಾನ. ಗುರುತು ಸುಲಭ: ಉಲ್ಕೆ ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ಬಂದು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ರಾಕೆಟ್ಟಿನ ಚೂರು ಎಂಟು ಕಿ.ಮೀ.ಗೂ ಕಡಿಮೆ ವೇಗದಲ್ಲಿ, ಮೆರವಣಿಗೆ ಹೊರಟಂತೆ, ನಿಮಿಷದ ತನಕವೂ ಸಾಗುತ್ತದೆ.

ಇವತ್ತು ಊರಿಗೊಂದು ಸಿಸಿಟಿವಿ ಇದೆ, ನಿಜ. ಆದರೆ ಅದು ನೋಡುವುದು ಗೇಟನ್ನು, ಆಕಾಶವನ್ನಲ್ಲ. ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆ ಈಗಲೂ ಸಾಮಾನ್ಯ ಜನರ ವರದಿಗಳನ್ನು ಸ್ವೀಕರಿಸಿ, ಹತ್ತಾರು ಜನರ ಹೇಳಿಕೆ ಕೂಡಿಸಿ ಉಲ್ಕೆಯ ಹಾದಿಯನ್ನು ಅಂದಾಜು ಮಾಡುತ್ತದೆ. ಹಾಗಾಗಿ ಮುಂದೊಮ್ಮೆ ಅಂಗಳವೆಲ್ಲ ಹಗಲಾಗುವಷ್ಟು ಬೆಳಕು ಹಾಯ್ದರೆ, ದಯವಿಟ್ಟು ಮೊಬೈಲಿಗೆ ತಡಕಾಡಬೇಡಿ, ತೆಗೆಯುವಷ್ಟರಲ್ಲಿ ಮುಗಿದಿರುತ್ತದೆ. ನಿಂತಲ್ಲೇ ನಿಂತು, ಯಾವ ಮರದ ಮೇಲೆ ಹುಟ್ಟಿತು, ಯಾವ ನೀರಿನ ಟ್ಯಾಂಕಿನ ಬಳಿ ಆರಿತು ಎಂಬುದನ್ನು ಗಮನಿಸಿ. ಗಂಟೆ ನೋಡಿಕೊಂಡು, ಸದ್ದು ಬರುವ ತನಕ ಸೆಕೆಂಡು ಎಣಿಸಿ, ಕಿಟಕಿಯ ಗಾಜಿನಿಂದ ದೂರವಿರಿ. ಬೆಳಿಗ್ಗೆ ಅದೇ ಜಾಗದಲ್ಲಿ ನಿಂತು ದಿಕ್ಕು ಬರೆದಿಟ್ಟುಕೊಳ್ಳಿ. ಎಲ್ಲಿ ಬಿತ್ತು ಎಂದು ಯಾರಾದರೂ ಕೇಳಿದರೆ ಊರಿನ ಹೆಸರು ಹೇಳಬೇಡಿ, ದಿಕ್ಕು ಹೇಳಿ.