ಕೆಂಪಿ ನಡೆಯಲೇಬೇಕೆಂಬ ಹಟ

ಕೆಂಪಿಯ ಮೂತ್ರ ತಾನಾಗಿಯೇ ತೊಟ್ಟಿಕ್ಕತೊಡಗಿದಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು. ಅಲ್ಲಿಯವರೆಗೆ ಅವಳ ಕಿಬ್ಬೊಟ್ಟೆ ಒತ್ತಿ ಮೂತ್ರ ಬರಿಸಬೇಕಿತ್ತು. ಈಗ ಮಲಗಿದಲ್ಲಿ, ಎತ್ತಿಕೊಂಡಲ್ಲಿ ಹನಿ ಹನಿಯಾಗಿ ಬೀಳುತ್ತಿತ್ತು. ನರ ಚೇತರಿಸಿಕೊಳ್ಳುತ್ತಿದೆ, ಇನ್ನೇನು ಕಾಲಿಗೂ ಜೀವ ಬರುತ್ತದೆ ಎಂದು ನಾನು ನಂಬಿಬಿಟ್ಟೆ. ಆ ನಂಬಿಕೆಯಿಂದಲೇ ಅವಳ ಮೂತ್ರಪಿಂಡಗಳು ಕೆಟ್ಟವು.

ಕೆಂಪಿ ಮೈಸೂರಿನ ನಮ್ಮ ಬೀದಿಯಲ್ಲೇ ಹುಟ್ಟಿ ಬೆಳೆದ ನಾಟಿ ನಾಯಿ. ರಾತ್ರಿ ಯಾವುದೋ ವಾಹನ ಗುದ್ದಿ ಹೋಗಿತ್ತು. ಎಕ್ಸ್‌ರೇಯಲ್ಲಿ ಪಕ್ಕೆಲುಬು ಮುಗಿಯುವ ಜಾಗದಲ್ಲಿ ಬೆನ್ನುಮೂಳೆ ಮುರಿದದ್ದು ಕಂಡಿತು. ವೈದ್ಯರು ಇಕ್ಕಳದಿಂದ ಅವಳ ಹಿಂಗಾಲಿನ ಬೆರಳನ್ನು ಬಲವಾಗಿ ಹಿಂಡಿದರು. ಕಾಲು ಸರ‍್ರನೆ ಹಿಂದಕ್ಕೆ ಹೋಯಿತು. ನನಗೆ ಹೋದ ಜೀವ ಬಂದಂತಾಯಿತು. ಅವರು ತಲೆಯಾಡಿಸಿದರು. "ಕಾಲು ನೋಡಬೇಡಿ, ಮುಖ ನೋಡಿ" ಎಂದರು. ಕಾಲನ್ನು ಎಳೆದುಕೊಳ್ಳುವ ಕೆಲಸವನ್ನು ಪೆಟ್ಟಿನ ಕೆಳಗಿರುವ ಬೆನ್ನುಹುರಿಯೇ ಮಾಡುತ್ತದೆ, ಅದಕ್ಕೆ ಮಿದುಳು ಬೇಕಿಲ್ಲ. ನೋವು ಮಿದುಳಿಗೆ ಮುಟ್ಟಿದ್ದರೆ ನಾಯಿ ಕಿರುಚಬೇಕು, ತಿರುಗಿ ನೋಡಬೇಕು, ಕಚ್ಚಲು ಬರಬೇಕು. ಕೆಂಪಿ ಸುಮ್ಮನೆ ಗೋಡೆ ನೋಡುತ್ತಿದ್ದಳು. ಹೀಗೆ ಮೂಳೆ ಮುರಿದು ಆಳದ ನೋವೂ ತಿಳಿಯದಂತಾದ ನಾಯಿ ಮತ್ತೆ ನಡೆಯುವ ಸಂಭವ ತೀರಾ ಕಡಿಮೆ ಎಂದು ಅವರು ಬಿಡಿಸಿ ಹೇಳಿದರು. ಕೇಳಿಸಿಕೊಂಡೆ, ಒಪ್ಪಿಕೊಳ್ಳಲಿಲ್ಲ.

ಅವಳನ್ನು ಮತ್ತೆ ಬೀದಿಗೆ ಬಿಡುವ ಮಾತೇ ಇರಲಿಲ್ಲ. ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ. ಸೊಂಟದ ಕೆಳಗೆ ಸ್ವಾಧೀನವಿಲ್ಲದ ನಾಯಿಯನ್ನು ಬಿಡುವುದಾದರೂ ಎಲ್ಲಿಗೆ? ಇಂಥವು ಆಶ್ರಯಧಾಮದಲ್ಲಿ ಉಳಿಯಬೇಕು, ಇಲ್ಲವೇ ಯಾರದಾದರೂ ಮನೆ ಸೇರಬೇಕು. ನಾವು ಮನೆಗೆ ತಂದೆವು. ಅದರ ಬಗ್ಗೆ ನನಗೆ ಇಂದಿಗೂ ಎರಡು ಮಾತಿಲ್ಲ.

ವೈದ್ಯರು ಕಲಿಸಿಕೊಟ್ಟ ಮುಖ್ಯ ಕೆಲಸ ಒಂದೇ. ದಿನಕ್ಕೆ ಮೂರು ನಾಲ್ಕು ಸಲ ಮೂತ್ರಕೋಶ ಖಾಲಿ ಮಾಡಿಸಬೇಕು. ನನ್ನ ಕೈ ಹಿಡಿದು ಹಿಂದೊಡೆಗಳ ಮುಂದೆ, ಹೊಟ್ಟೆಯ ಎರಡೂ ಬದಿಗೆ ಇರಿಸಿದರು. ಒಳಗೆ ನೀರು ತುಂಬಿದ ಬಲೂನಿನಂಥದ್ದು ಬೆರಳಿಗೆ ಸಿಕ್ಕಿತು. ಮೆಲ್ಲಗೆ, ಆದರೆ ಬಿಡದೆ ಒತ್ತಬೇಕು, ಅದು ಪೂರ್ತಿ ಕುಗ್ಗುವವರೆಗೆ. ನನಗೆ ಭಯ. ಎಲ್ಲಿ ನೋವಾಗುತ್ತದೋ ಎಂದು ಅರ್ಧಕ್ಕೇ ಕೈ ತೆಗೆಯುತ್ತಿದ್ದೆ.

ಮನಸ್ಸೆಲ್ಲ ಕಾಲುಗಳ ಮೇಲಿತ್ತು. ಬೆಳಿಗ್ಗೆ ಎದ್ದರೆ ಎಣ್ಣೆ ತಿಕ್ಕುವುದು, ಮಂಡಿ ಮಡಿಸಿ ಬಿಡಿಸುವುದು, ಸೊಂಟಕ್ಕೆ ಟವೆಲ್ ಕಟ್ಟಿ ಎತ್ತಿ ಅಂಗಳದಲ್ಲಿ ನಡೆಸುವುದು. ವ್ಯಾಯಾಮ ತಪ್ಪಲ್ಲ, ಕೀಲು ಬಿಗಿಯದಿರಲು ಅದೂ ಬೇಕು. ಆದರೆ ನಾನು ಅದನ್ನು ಹರಕೆಯ ಹಾಗೆ ಮಾಡುತ್ತಿದ್ದೆ. ಅವಳು ನಾಲ್ಕು ಕಾಲಲ್ಲಿ ನಿಂತ ದಿನ ಬೀದಿಯವರಿಗೆಲ್ಲ ತೋರಿಸಬೇಕೆಂಬ ಆಸೆಯಿತ್ತು. ಮೂತ್ರ ಒತ್ತುವ ಕೆಲಸದಲ್ಲಿ ತೋರಿಸುವಂಥದ್ದೇನೂ ಇರಲಿಲ್ಲ. ಹಾಗಾಗಿ ತೊಟ್ಟಿಕ್ಕಲು ಶುರುವಾದದ್ದೇ ತಡ, ಒತ್ತುವುದನ್ನು ಬಿಟ್ಟು ಡಯಾಪರ್ ಕಟ್ಟಿದೆ.

ಅಮ್ಮ ಒಂದು ಸಂಜೆ ಅವಳ ಹೊಟ್ಟೆ ಸವರುತ್ತ, "ಯಾಕೋ ಗಟ್ಟಿಯಾಗಿದೆ ಕಣೇ, ವಾಸನೇನೂ ಬೇರೆ ಥರ ಬರ್ತಿದೆ" ಎಂದಳು. "ಸುಮ್ನಿರಮ್ಮ, ಗುಣ ಆಗ್ತಾ ಇರೋದು ಅವಳಿಗೆ" ಎಂದೆ. ನಾಯಿ ಸಾಕಿ ಗೊತ್ತಿಲ್ಲದ ಅಮ್ಮನ ಕೈಗೆ ತಿಳಿದದ್ದು ಪುಸ್ತಕ ಓದಿಕೊಂಡ ನನಗೆ ತಿಳಿಯಲಿಲ್ಲ.

ಕೆಂಪಿ ಊಟ ಬಿಟ್ಟಳು. ಮೈ ಸುಡುತ್ತಿತ್ತು, ಡಯಾಪರಿನಲ್ಲಿ ರಕ್ತ. ವೈದ್ಯರು ಹೊಟ್ಟೆ ಮುಟ್ಟಿದೊಡನೆ ಅವರ ಮುಖ ಬದಲಾಯಿತು. ಕೊಳವೆ ಹಾಕಿದಾಗ ಬಂದ ಮೂತ್ರ ನೋಡಿ ನಾನು ಅಲ್ಲೇ ಕುಸಿದು ಕೂತೆ. ಅಷ್ಟನ್ನು ಅವಳು ಒಳಗೆ ಹೊತ್ತುಕೊಂಡಿದ್ದಳು. ಬೆನ್ನಿನ ಆ ಭಾಗದಲ್ಲಿ ಪೆಟ್ಟಾದರೆ ಮೂತ್ರದ್ವಾರದ ಸ್ನಾಯು ಬಿಗಿದುಕೊಂಡೇ ಇರಬಹುದು. ಮೂತ್ರಕೋಶ ತುಂಬುತ್ತ ಹೋಗಿ, ಒತ್ತಡ ತಡೆಯಲಾರದೆ ಒಂದಿಷ್ಟು ಹೊರಚೆಲ್ಲುತ್ತದೆ. ನಾನು ಗುಣಮುಖವೆಂದು ಪಾಯಸ ಹಂಚಿದ್ದು ಆ ಹೊರಚೆಲ್ಲಿದ್ದಕ್ಕೆ. ಒಳಗೆ ನಿಂತ ಮೂತ್ರದಲ್ಲಿ ಸೋಂಕು ಬೆಳೆದು ಮೂತ್ರಪಿಂಡಕ್ಕೆ ಏರಿತ್ತು. ಒದ್ದೆ ಡಯಾಪರ್ ತೊಡೆಯ ಚರ್ಮವನ್ನು ಸುಟ್ಟಿತ್ತು. ಅಷ್ಟಾದರೂ ಅವಳು ನರಳಲಿಲ್ಲ, ಏಕೆಂದರೆ ಅಲ್ಲಿ ಅವಳಿಗೆ ನೋವೇ ತಿಳಿಯುತ್ತಿರಲಿಲ್ಲ. ನೋವು ತಿಳಿಯದ ಮೈಯನ್ನು ನೋಡಿಕೊಳ್ಳುವವರು ಕಣ್ಣಿನಿಂದ, ಬೆರಳಿನಿಂದ, ಮೂಗಿನಿಂದ ಹುಡುಕಿ ನೋಡಬೇಕು. ನಾನು ಹುಡುಕಿರಲಿಲ್ಲ.

ಕೆಂಪಿ ಉಳಿದಳು. ಮೂತ್ರಪಿಂಡ ಮೊದಲಿನಂತಾಗಲಿಲ್ಲ. ಅವಳಿಗೆ ಈಗ ಪಥ್ಯದ ಊಟ, ಆಗಾಗ ರಕ್ತಪರೀಕ್ಷೆ.

ಆಮೇಲೆ ಮನೆಯ ದಿನಚರಿಯೇ ಬದಲಾಯಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ ಮೂತ್ರ ತೆಗೆಸುತ್ತೇವೆ. ಈ ಕೆಲಸದಲ್ಲಿ ಅಮ್ಮನ ಕೈ ನನ್ನದಕ್ಕಿಂತ ಚುರುಕು. ಬಣ್ಣ ಕದಡಿದರೆ, ವಾಸನೆ ಬದಲಾದರೆ ಅಂದೇ ಪರೀಕ್ಷೆಗೆ ಕೊಡುತ್ತೇವೆ. ಮಲಗಲು ದಪ್ಪ ಹಾಸಿಗೆ, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಇಲ್ಲದಿದ್ದರೆ ಸೊಂಟದ ಮೂಳೆಯ ಮೇಲೆ ಹುಣ್ಣು ಏಳುತ್ತದೆ. ನೆಲದ ಮೇಲೆ ಎಳೆದಾಡಿ ಪಾದ ತರಚದಂತೆ ಕಾಲುಚೀಲ.

ಪಿವಿಸಿ ಪೈಪಿನಲ್ಲಿ ಗಾಲಿಗಾಡಿಯನ್ನೂ ಮಾಡಿಸಿದೆವು. ನಾಯಿಯ ಮೈಭಾರದಲ್ಲಿ ಸುಮಾರು ಶೇಕಡಾ 60 ಭಾಗ ಮುಂಗಾಲುಗಳ ಮೇಲೆಯೇ ಬೀಳುವುದರಿಂದ ಅವಳು ಬೇಗ ಹೊಂದಿಕೊಂಡಳು. ಗಾಡಿ ಕಟ್ಟಿದ ಮೊದಲ ಸಂಜೆ ನನ್ನ ಕಡೆ ತಿರುಗಿಯೂ ನೋಡದೆ ಬೀದಿ ತಿರುವಿನ ಬೇಕರಿಗೆ ಓಡಿದಳು. ಅಪಘಾತಕ್ಕೆ ಮುಂಚೆ ದಿನಾ ಬನ್ನಿಗಾಗಿ ಕಾಯುತ್ತಿದ್ದ ಜಾಗವದು. ಅವಳಿಗೆ ಬೇಕಾಗಿದ್ದದ್ದು ಅಲ್ಲಿಗೆ ಹೋಗುವುದು. ನಾಲ್ಕು ಕಾಲಲ್ಲೇ ಹೋಗಬೇಕೆಂಬ ಹಟ ನನ್ನದಾಗಿತ್ತು, ಅದರ ಬೆಲೆ ತೆತ್ತವಳು ಅವಳು.

ಇಂಥ ನಾಯಿಗಳು ಹಲವು ಆಶ್ರಯಧಾಮಗಳಲ್ಲಿ ಇವೆ. ನಿಮ್ಮಲ್ಲಿ ಯಾರಾದರೂ ಒಂದನ್ನು ಮನೆಗೆ ತನ್ನಿ ಎಂದೇ ಕೇಳಿಕೊಳ್ಳುತ್ತೇನೆ. ತರುವ ಮುನ್ನ ವೈದ್ಯರ ಎದುರಿಗೆ ನಿಮ್ಮ ಕೈಯಿಂದಲೇ ಮೂತ್ರಕೋಶ ಖಾಲಿ ಮಾಡಿ, "ಈಗ ಪೂರ್ತಿ ಖಾಲಿ" ಎಂದು ಅವರು ಹೇಳುವವರೆಗೆ ಅಲ್ಲಿಂದ ಏಳಬೇಡಿ. ಮನೆಯ ಇನ್ನೊಬ್ಬರಿಗೂ ಕಲಿಸಿ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲ ಎಂದಾದರೆ ತರಬೇಡಿ. ಆಶ್ರಯಧಾಮಕ್ಕೆ ಅದರ ಔಷಧಿಯ ಖರ್ಚು ಕೊಡಿ, ವಾರಕ್ಕೊಮ್ಮೆ ಹೋಗಿ ಗಾಡಿ ಕಟ್ಟಿ ಓಡಾಡಿಸಿ ಬನ್ನಿ.