ಕಾರಿನ ಕಂಠ

ನನ್ನ ಅಣ್ಣನ ಮಗ ಹೋದ ವರ್ಷ ಒಂದು ಹಳೆಯ ಕಾರು ಕೊಂಡುಕೊಂಡ. ಕೊಂಡುಕೊಂಡ ಎನ್ನುವುದಕ್ಕಿಂತ ದತ್ತು ತೆಗೆದುಕೊಂಡ ಎನ್ನುವುದೇ ಸರಿ. ಏಕೆಂದರೆ ಅದು ಆರ್.ಟಿ. ನಗರದ ನಮ್ಮ ಮನೆಯ ಅಂಗಳಕ್ಕೆ ಬಂದಂದಿನಿಂದ, ತಾನು ಕಾಫಿ ಕುಡಿಯುವುದಕ್ಕೆ ಮೊದಲು ಅದರ ಎಣ್ಣೆ ನೀರು ವಿಚಾರಿಸುತ್ತಾನೆ. ಇಬ್ಬರೇ ಕೂರಬಹುದಾದ, ಮಾಡನ್ನು ತೆಗೆಯಬಹುದಾದ, ಕುಂಕುಮದ ಬಣ್ಣದ ಬಂಡಿ. ಸ್ಯಾನ್ ಸ್ಟಾರ್ಮ್ ಎಂದು ಹೆಸರು. ಓದುಗರಲ್ಲಿ ಅನೇಕರು ಕೇಳಿರಲಾರರು, ನಾನೂ ಕೇಳಿರಲಿಲ್ಲ. ಬೆಂಗಳೂರಿನ ಸ್ಯಾನ್ ಸಂಸ್ಥೆಯವರು 1998ರಲ್ಲಿ ಹೊರತಂದ ಸ್ಪೋರ್ಟ್ಸ್ ಕಾರಂತೆ. ಮೈಯೆಲ್ಲ ಫೈಬರು, ತಗಡಲ್ಲ. ರಸ್ತೆಯ ಬದಿ ನಿಲ್ಲಿಸಿದರೆ ಮಕ್ಕಳು ಸುತ್ತುಗಟ್ಟುತ್ತಾರೆ. ಮುದುಕರೂ ಒಂದು ಗಳಿಗೆ ನಿಂತು ನೋಡಿಯೇ ಹೋಗುತ್ತಾರೆ.

ಆದರೆ ವಿಧಿ ಒಂದು ಕೊಟ್ಟು ಒಂದು ಕಿತ್ತುಕೊಳ್ಳುತ್ತದೆ. ಈ ಚೆಲುವೆಗೆ ಕಂಠವಿಲ್ಲ. ಒಳಗಿರುವುದು ರೆನೋ ಕಂಪೆನಿಯ 1149 ಸಿ.ಸಿ. ಎಂಜಿನ್ನು, ಸುಮಾರು ಅರವತ್ತು ಕುದುರೆಯ ಬಲ. ಫ್ರಾನ್ಸಿನಲ್ಲಿ ಅದು ಸಂಸಾರಸ್ಥರ ಪುಟ್ಟ ಕಾರುಗಳಲ್ಲಿ ಮಕ್ಕಳನ್ನು ಶಾಲೆಗೂ ಗೃಹಿಣಿಯರನ್ನು ಪೇಟೆಗೂ ಕೊಂಡೊಯ್ಯುತ್ತಿದ್ದ ಎಂಜಿನ್ನು. ಹೀಗಾಗಿ ನೋಡುವುದಕ್ಕೆ ಹುಲಿ, ಬಾಯಿ ತೆರೆದರೆ ಹೊಲಿಗೆ ಯಂತ್ರ. ಒಂದು ದಿನ ಹೆಬ್ಬಾಳದ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಮೋಟಾರ್ ಸೈಕಲ್ಲಿನ ಹುಡುಗನೊಬ್ಬ ಕಾರನ್ನು ಕಣ್ಣರಳಿಸಿ ನೋಡಿದನಂತೆ. ಹಸಿರು ದೀಪ ಬಂದು ಇದು ಹೊರಟ ಸದ್ದು ಕೇಳಿ ನಕ್ಕನಂತೆ. ಹುಡುಗ ಮನೆಗೆ ಬಂದು ಊಟ ಸರಿಯಾಗಿ ಮಾಡಲಿಲ್ಲ.

“ಚಿಕ್ಕಪ್ಪ, ಸೈಲೆನ್ಸರ್ ಬದಲಾಯಿಸಿಬಿಡ್ತೀನಿ” ಎಂದ ಕೊನೆಗೆ.

ನಾನು ಹಿರಿಯನಾದ್ದರಿಂದ ಕಾನೂನು ಹೇಳಿದೆ. ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ಗಾಡಿಯನ್ನು ಮನಬಂದಂತೆ ಮಾರ್ಪಡಿಸಗೊಡುವುದಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಸದ್ದಿನ ಮಿತಿ ಮೀರಿದರೆ ಹತ್ತು ಸಾವಿರದವರೆಗೆ ದಂಡ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತುಕೊಂಡ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ಪತ್ರಿಕೆಯಲ್ಲಿ ನೀವೂ ನೋಡಿರಬಹುದು. ಇಷ್ಟೆಲ್ಲ ಹೇಳಿದ ಮೇಲೆ, “ಯಾವ ಗ್ಯಾರೇಜು? ನಾನೂ ಬರ್ತೀನಿ” ಎಂದೆ. ಮನುಷ್ಯನ ಉಪದೇಶಕ್ಕೂ ಕುತೂಹಲಕ್ಕೂ ಯಾವ ಕಾಲದಲ್ಲೂ ಮಾತುಕತೆ ನಡೆದಿಲ್ಲ.

ಗ್ಯಾರೇಜು ಯಶವಂತಪುರದ ಹಿಂಬದಿಯ ಒಂದು ಓಣಿಯಲ್ಲಿ. ಅದರ ಯಜಮಾನರು ನನ್ನ ವಯಸ್ಸಿನವರೇ. ಕಾರಿನ ಕೆಳಗೆ ಅಂಗಾತ ಮಲಗಿ, ಹೊರಗೆ ಬಂದು, ಕೈಯೊರಸಿಕೊಂಡು, ವೈದ್ಯರು ರೋಗಿಯ ಮನೆಯವರಿಗೆ ಹೇಳುವ ಧಾಟಿಯಲ್ಲಿ ಹೇಳಿದರು:

“ನೋಡಿ ಸಾರ್, ಸದ್ದು ಹುಟ್ಟೋದು ಎಂಜಿನ್ನಲ್ಲಿ. ಸೈಲೆನ್ಸರ್ ಅದನ್ನ ತಡೀಬಹುದು, ಬಿಡಬಹುದು, ಹುಟ್ಟಿಸೋಕಾಗಲ್ಲ. ಬಾವಿಯಲ್ಲಿದ್ದದ್ದು ತಾನೆ ಬಿಂದಿಗೆಗೆ ಬರೋದು?”

ಅವರ ಮಾತನ್ನು ನಾನು ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸ್ಫೋಟಗಳಾಗುತ್ತವೆ. ಆ ನೂರು ಪೆಟ್ಟುಗಳೇ ಸೇರಿ ಒಂದು ಶ್ರುತಿ. ಬುಲೆಟ್ ಗಾಡಿಗೆ ಇರುವುದು ಒಂದೇ ಸಿಲಿಂಡರು; ನಿಂತಲ್ಲೇ 900 ಸುತ್ತಿನಲ್ಲಿ ಉರಿಯುತ್ತಿದ್ದರೆ ಸೆಕೆಂಡಿಗೆ ಏಳೋ ಎಂಟೋ ಪೆಟ್ಟು. ಆದ್ದರಿಂದಲೇ ಅದನ್ನು ಕಿವಿ ಒಂದೊಂದಾಗಿ ಎಣಿಸಬಲ್ಲದು, ಡೋಲಿನ ಹಾಗೆ. ಇಟಲಿಯ ಎಂಟು ಸಿಲಿಂಡರಿನ ಕಾರು 8000 ಸುತ್ತಿಗೆ ಏರಿದರೆ ಸೆಕೆಂಡಿಗೆ ಐನೂರಕ್ಕೂ ಮಿಕ್ಕಿ, ಅದು ಕಿರುಚುತ್ತದೆ. ಹೀಗೆ ದನಿ ಹುಟ್ಟುಗುಣ. ಕಂಪೆನಿಯ ಸೈಲೆನ್ಸರಿನಲ್ಲಿ ಸಣ್ಣ ಸಣ್ಣ ಕೋಣೆಗಳಿರುತ್ತವೆ. ಸದ್ದು ಗೋಡೆಯಿಂದ ಗೋಡೆಗೆ ಬಡಿದು, ತನ್ನ ಅಲೆಗೆ ತಾನೇ ಎದುರಾಗಿ ಸತ್ತು, ಸುಸ್ತಾಗಿ ಹೊರಗೆ ಬರುತ್ತದೆ. ಯಜಮಾನರು ಹಾಕಹೊರಟದ್ದು ನೇರ ಕೊಳವೆ: ಮೈತುಂಬ ತೂತಿನ ನಳಿಕೆ, ಅದರ ಸುತ್ತ ಗಾಜಿನ ನಾರು. ಕೀರಲನ್ನು ನಾರು ಹೀರಿಕೊಳ್ಳುತ್ತದೆ, ಗಡಸು ದನಿ ಉಳಿಯುತ್ತದೆ. “ಮಧ್ಯದ ಡಬ್ಬ ಮುಟ್ಟೋದಿಲ್ಲ, ಕೊನೇದು ಮಾತ್ರ” ಎಂದು ಅವರು ಆಣೆ ಮಾಡುವ ಹಾಗೆ ಹೇಳಿದರು.

ಇದರ ವಂಶಾವಳಿಯೂ ವಿಚಿತ್ರವಾದದ್ದು. ಮ್ಯಾಕ್ಸಿಮ್ ಮೆಷಿನ್‌ಗನ್ನು ಕಂಡುಹಿಡಿದ ಹಿರಮ್ ಮ್ಯಾಕ್ಸಿಮ್ ಎಂಬಾತ ಗುಂಡಿನ ಸದ್ದು ಕೇಳಿ ಕೇಳಿ ಕಿವುಡನಾದ. ಆತನ ಮಗನೇ ಬಂದೂಕಿಗೆ ಸೈಲೆನ್ಸರ್ ಮಾಡಿ 1909ರಲ್ಲಿ ಪೇಟೆಂಟ್ ಪಡೆದವನು. ಅದೇ ಉಪಾಯವನ್ನು ಮೋಟಾರಿನ ಹೊಗೆಕೊಳವೆಗೂ ಹಚ್ಚಿದ. ಅಪ್ಪ ಮಾಡಿದ ಗದ್ದಲವನ್ನು ಮಗ ಅಡಗಿಸಿದ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇದರ ತಿರುಗುಮುರುಗು.

ವೆಲ್ಡಿಂಗ್ ನಡೆಯುತ್ತಿರುವಾಗ ನಾನು ಸ್ಟೂಲಿನ ಮೇಲೆ ಕೂತು ಗೋಡೆ ನೋಡುತ್ತಿದ್ದೆ. ಮೊಳೆಗೆ ಒಂದು ಜೋಡಿ ಹಳೆಯ ಸೈಲೆನ್ಸರು ತೂಗುಹಾಕಿತ್ತು: ಉದ್ದಕ್ಕೆ, ತುದಿ ಮೀನಿನ ಬಾಲದಂತೆ ಸಣ್ಣಗೆ. ನೋಡಿದ ಕೂಡಲೆ ಗುರುತು ಹತ್ತಿತು. ಯೆಜ್ದಿಯದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಆ ನಡುವೆ ಅಲ್ಲಿಂದ ಹೊರಟ ಅಸಂಖ್ಯ ಗಾಡಿಗಳಲ್ಲಿ ಒಂದು 1978ರಲ್ಲಿ ನನ್ನ ಪಾಲಿಗೆ ಬಂದಿತ್ತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಅದರ ವೈಭವವೇ ಅದು. ತುದಿಯ ತಿರುಪು ಬಿಚ್ಚಿದರೆ ಒಳಗಿನ ನಳಿಕೆ ಕೈಗೆ ಬರುತ್ತಿತ್ತು. ಮಸಿ ತೆಗೆದು ಮತ್ತೆ ಹಾಕಬೇಕೆಂದು ಕಂಪೆನಿಯವರು ಮಾಡಿದ ಅನುಕೂಲ ಅದು. ನಾವು ಹುಡುಗರು ತೆಗೆಯುತ್ತಿದ್ದೆವು, ಮತ್ತೆ ಹಾಕುತ್ತಿರಲಿಲ್ಲ. ಏರಿನಲ್ಲಿ ಗಾಡಿ ಏದುಸಿರು ಬಿಡುತ್ತಿತ್ತು, ನಿಜ. ಸದ್ದು ಮಾತ್ರ ಮತ್ತಿಕೆರೆಯಿಂದ ಹೊರಟರೆ ಯಶವಂತಪುರಕ್ಕೆ ಮೊದಲೇ ತಲಪುತ್ತಿತ್ತು.

ನಾವಾಗ ಯಶವಂತಪುರದ ಒಂದು ವಠಾರದಲ್ಲಿದ್ದೆವು. ನನಗೆ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಎರಡನೆಯ ಪಾಳಿ ಮುಗಿಸಿ ಬರುವಾಗ ರಾತ್ರಿ ಹನ್ನೊಂದೂವರೆ. ದೂರದಲ್ಲಿ ಸದ್ದು ಕೇಳಿದೊಡನೆ ಅಮ್ಮ “ಬಂದ” ಎಂದು ಎದ್ದು ಸಾರು ಬಿಸಿಗಿಡುತ್ತಿದ್ದಳು. ನಾನು ಬೂಟು ಬಿಚ್ಚುವ ಹೊತ್ತಿಗೆ ತಟ್ಟೆ ಸಿದ್ಧ. ಆ ಸದ್ದು ಕೇಳಿದ ಮೇಲೆಯೇ ತನಗೆ ನಿದ್ದೆ ಹತ್ತುವುದು ಎಂದು ಅವಳು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಗೋಡೆಯಾಚೆ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಹೃದಯದ ಕಾಯಿಲೆ. ಒಂದು ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಸಿಕ್ಕಿ, ಬಹಳ ಸಂಕೋಚದಿಂದ ಕೇಳಿದರು:

“ಏನಪ್ಪಾ, ನಿನಗೆ ಯಾವ ಯಾವ ವಾರ ರಾತ್ರಿ ಪಾಳಿ ಬರತ್ತೆ, ಒಂದು ಚೀಟಿಯಲ್ಲಿ ಬರೆದುಕೊಡ್ತೀಯಾ?”

ಏಕೆಂದು ಕೇಳಿದೆ.

“ಏನಿಲ್ಲ. ಎಚ್ಚರವಾಗಿದ್ದರೆ ಸದ್ದು ನನ್ನನ್ನೇನೂ ಮಾಡೋದಿಲ್ಲ. ನಿದ್ದೆಯಲ್ಲಿ ಬೆಚ್ಚಿಬಿದ್ದರೆ ಎದೆ ಹೊಡೆದುಕೊಳ್ಳತ್ತೆ. ಮೊದಲೇ ಗೊತ್ತಿದ್ದರೆ, ನೀನು ಬರೋವರೆಗೂ ಏನಾದರೂ ಓದ್ತಾ ಕೂತಿರ್ತೀನಿ.”

ಓದುಗರು ನಾನು ನಾಚಿ, ಅಂದೇ ನಳಿಕೆಗಳನ್ನು ಹಾಕಿಸಿದೆನೆಂದು ತಿಳಿಯಬಹುದು. ನಾನು ಮಾಡಿದ್ದು ಅದಲ್ಲ. ಒಳಗೆ ಹೋಗಿ, ನೋಟುಪುಸ್ತಕದ ಹಾಳೆಯೊಂದನ್ನು ಹರಿದು, ಗೆರೆ ಎಳೆದು, ಮುಂದಿನ ಆರು ತಿಂಗಳ ಪಾಳಿಯನ್ನು ದುಂಡಗೆ ಬರೆದು ಕೊಟ್ಟೆ. ಅವರು “ಬಹಳ ಉಪಕಾರವಾಯ್ತಪ್ಪಾ” ಎಂದರು. ನನಗೂ ಉಪಕಾರ ಮಾಡಿದೆನೆಂದೇ ಅನ್ನಿಸಿತು. ಆರು ತಿಂಗಳಾದ ಮೇಲೆ ಅವರು ಮತ್ತೊಂದು ಚೀಟಿ ಕೇಳಿದರು, ಅದನ್ನೂ ಬರೆದುಕೊಟ್ಟೆ.

1981ರಲ್ಲಿ ಅವರು ತೀರಿಕೊಂಡರು. ಆಸ್ಪತ್ರೆಯಲ್ಲಿ, ಹಗಲು ಹೊತ್ತು. ನನ್ನ ಗಾಡಿಗೂ ಅದಕ್ಕೂ ಸಂಬಂಧವಿಲ್ಲ. ಹೆಗಲು ಕೊಡಲು ಅವರ ಮನೆಯೊಳಕ್ಕೆ ಹೋದಾಗ ಮಂಚದ ತಲೆಯ ಕಡೆ ಗೋಡೆಯಲ್ಲಿ ಪಂಚಾಂಗದ ಪಕ್ಕ ನನ್ನ ಚೀಟಿ ದಾರದಲ್ಲಿ ತೂಗುತ್ತಿತ್ತು. ಎರಡನೆಯ ಪಾಳಿಯ ವಾರಗಳಿಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಕಳೆದ ರಾತ್ರಿಗಳನ್ನು ಒಂದೊಂದಾಗಿ ಹೊಡೆದುಹಾಕಿದ್ದರು, ಮೇಷ್ಟ್ರು ಹಾಜರಿ ಹಾಕುವ ಹಾಗೆ. ಮಾರನೆಯ ದಿನ ನಾನು ನಳಿಕೆಗಳನ್ನು ಹುಡುಕಿ ಗಾಡಿಗೆ ಹಾಕಿದೆ. ಯಾರಿಗಾಗಿಯೋ.

“ಚಿಕ್ಕಪ್ಪ, ಆಯ್ತು, ಬನ್ನಿ” ಎಂದು ಹುಡುಗ ಕೂಗಿದ.

ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋದೆವು. ದೇವನಹಳ್ಳಿಗೆ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಬಳ್ಳಾರಿ ರಸ್ತೆ ಅಗಲವಾಗಿ, ನಯವಾಗಿ, ಇಂಥ ಬಂಡಿಗಳ ತವರಾಗಿದೆ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟಕ್ಕೆ ಹೋಗುವ ಮೋಟಾರ್ ಸೈಕಲ್ಲುಗಳ ಆರ್ಭಟಕ್ಕೆ ದಾರಿಬದಿಯ ಬಡಾವಣೆಗಳಲ್ಲಿ ಹಾಲಿನವನಿಗಿಂತ ಮೊದಲು ಜನ ಏಳುತ್ತಾರೆ. ಮಾಡು ತೆಗೆದಿತ್ತು. ಗೇರು ಇಳಿಸಿ ಹುಡುಗ ಕಾಲೊತ್ತಿದ. ಸುಳ್ಳು ಹೇಳಲಾರೆ: ದನಿ ಚೆನ್ನಾಗಿತ್ತು. ಇಟಲಿಯದಲ್ಲ, ಆದರೆ ಹೊಲಿಗೆ ಯಂತ್ರವೂ ಅಲ್ಲ. ತುಂಬಿದ, ತುಸು ಒರಟಾದ, ಪ್ರಾಯಕ್ಕೆ ಬಂದ ಹುಡುಗನ ಗಂಟಲು. ನನ್ನ ಎದೆಯಲ್ಲಿ ನಲವತ್ತೈದು ವರ್ಷ ಮಲಗಿದ್ದುದೇನೋ ಎದ್ದು ಕುಳಿತಿತು. ವಾಯುನೆಲೆಯ ಗೋಡೆ ಪಕ್ಕದಲ್ಲಿ ಹಾದುಹೋಯಿತು. 1996ರಿಂದ ಅಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ವೈಮಾನಿಕ ಪ್ರದರ್ಶನದಲ್ಲಿ ಯುದ್ಧವಿಮಾನಗಳು ಆಕಾಶ ಹರಿಯುವಾಗ ನಾವೇ ಮಹಡಿ ಹತ್ತಿ ಕಿವಿ ಮುಚ್ಚಿಕೊಂಡು ಸಂತೋಷಪಡುತ್ತೇವೆ. ಸದ್ದಿನ ವಿಷಯದಲ್ಲಿ ನಮ್ಮ ನ್ಯಾಯವೇ ಬೇರೆ.

“ಹೇಗಿದೆ ಚಿಕ್ಕಪ್ಪ?”

“ಚೆನ್ನಾಗಿದೆ ಕಣೋ” ಎಂದೆ. ಮೇಷ್ಟ್ರ ವಿಷಯ ಎತ್ತಲಿಲ್ಲ. ಅಂಥ ಹೊತ್ತಿನಲ್ಲಿ ಎತ್ತುವುದು ಹೇಗೆ?

ಹತ್ತು ದಿನ ಕಳೆದಿರಬೇಕು. ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹೆಣ್ಣುಮಗಳು ಆಸ್ಪತ್ರೆಯಲ್ಲಿ ನರ್ಸು. ರಾತ್ರಿಯೆಲ್ಲ ದುಡಿದು ಬೆಳಿಗ್ಗೆ ಮಲಗುವವಳು. ನಾನು ತರಕಾರಿ ಗಾಡಿಯ ಹತ್ತಿರ ಸೊಪ್ಪು ಆರಿಸುತ್ತಿದ್ದಾಗ ಪಕ್ಕಕ್ಕೆ ಬಂದು ನಗುತ್ತಲೇ ಕೇಳಿದಳು:

“ಅಂಕಲ್, ನಿಮ್ಮನೆ ಹುಡುಗ ಬೆಳಿಗ್ಗೆ ಕರೆಕ್ಟಾಗಿ ಎಷ್ಟು ಗಂಟೆಗೆ ಕಾರು ತೆಗೀತಾರೆ? ಗೊತ್ತಿದ್ರೆ ಅದಾದ ಮೇಲೇ ಮಲಗ್ತೀನಿ.”

ಕೈಯಲ್ಲಿದ್ದ ದಂಟಿನ ಕಟ್ಟು ಹಾಗೆಯೇ ಉಳಿಯಿತು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ಆ ರಾತ್ರಿ ಊಟದ ಹೊತ್ತಿನಲ್ಲಿ ಹುಡುಗನಿಗೆ ಚೀಟಿಯ ಕಥೆಯನ್ನೆಲ್ಲ ಹೇಳಿದೆ. ಇಷ್ಟು ವರ್ಷ ನನ್ನ ಹೆಂಡತಿಗೂ ಹೇಳಿರಲಿಲ್ಲ. ಅವಳು ಹುಳಿ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತಳು. ಹುಡುಗ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. “ಎರಡು ಚೀಟಿನಾ?” ಎಂದು ಮಾತ್ರ ಕೇಳಿದ. ಎರಡು ಎಂದೆ. ಕೈ ತೊಳೆದುಕೊಂಡು ಹೊರಗೆ ಹೋಗಿ ಕಾರಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ಬಂದು ಮಲಗಿದ.

ಬೆಳಿಗ್ಗೆ ಅವನು ಬಸ್ಸಿನಲ್ಲಿ ಆಫೀಸಿಗೆ ಹೋದ. ಅದು ಆ ದಿನದ ಮಟ್ಟಿಗೋ ಹೇಗೋ, ನಾನು ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳೇ ಕಬ್ಬಿಣ, ಹಳೇ ಪೇಪರ್ ಎಂದು ಕೂಗುತ್ತ ತಳ್ಳುಗಾಡಿಯವನು ಬಂದ. ಹಿತ್ತಲಿನಲ್ಲಿ ಗೋಣಿಚೀಲದೊಳಗೆ ಸುತ್ತಿಟ್ಟಿದ್ದ ಕಂಪೆನಿಯ ಸೈಲೆನ್ಸರು ಅವನ ಕಣ್ಣಿಗೆ ಹೇಗೆ ಬಿತ್ತೋ, “ಅದನ್ನ ಹಾಕ್ತೀರಾ ಯಜಮಾನ್ರೆ? ಒಳ್ಳೆ ತೂಕ ಬರತ್ತೆ” ಎಂದ.

“ಅದು ಇರಲಿ” ಎಂದು ಪೇಪರಿನ ಕಟ್ಟು ತರಲು ಒಳಗೆ ಹೋದೆ.